ಖಾಲಿ ಮನೆಯ ದೀಪ

ಸಸ್ಯರೋಗ ವಿಭಾಗದ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಟೆಕ್ನಿಷಿಯನ್ ಆಗಿದ್ದ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಅನುಮಾನದಕ್ಕ ಎಂದು. ಬೆನ್ನ ಹಿಂದೆಯಲ್ಲ, ಎದುರಿಗೇ. ಆಕೆಗೂ ಬೇಸರವಿರಲಿಲ್ಲ. ಗಂಡ ದರ್ಜಿ, ಅವರು ಅಳೆದಿಟ್ಟ ಬಟ್ಟೆಯನ್ನು ಆಕೆ ಇನ್ನೊಮ್ಮೆ ಟೇಪು ಹಿಡಿದು ನೋಡುತ್ತಿದ್ದರು. ಲ್ಯಾಬಿನಲ್ಲಿ ಯಾರಾದರೂ ಬೂಷ್ಟು ಬೆಳೆಸುವ ತಟ್ಟೆಯ ಮುಚ್ಚಳದ ಮೇಲೆ ಗುರುತು ಬರೆದರೋ, ಅವರ ಕಥೆ ಮುಗಿಯಿತು. "ಮುಚ್ಚಳ ಅದಲುಬದಲಾದ್ರೆ ಏನ್ ಮಾಡ್ತೀಯಾ? ತಳದಲ್ಲಿ ಬರಿ."

ಒಂದೊಂದು ಹೊಲದ ರೋಗದ ಬೂಷ್ಟೂ ಕಣ್ಣಿಗೆ ಒಂದೇ ಥರ ಕಾಣುತ್ತದೆ. ಅವು ಒಂದೇ ಕುಲದವೋ ಬೇರೆಬೇರೆಯೋ ತಿಳಿಯಲು ಅವುಗಳ ಡಿಎನ್‌ಎ ತೆಗೆದು, ಗುರುತಿಗೆ ಸಿಗುವ ಒಂದು ತುಣುಕನ್ನು ಯಂತ್ರದಲ್ಲಿ ಲಕ್ಷಗಟ್ಟಲೆ ಪ್ರತಿ ಮಾಡಿಸಿ, ಜೆಲ್ಲಿಯ ಹಾಳೆಯಲ್ಲಿ ಓಡಿಸಬೇಕು. ನೇರಳೆ ಬೆಳಕಿನಡಿ ಗೆರೆಗಳು ಹೊಳೆಯುತ್ತವೆ. ಕುಲ ಬೇರೆಯಾದರೆ ಗೆರೆಯ ಜಾಗ ಬೇರೆ. ಜೆಲ್ಲಿಯಲ್ಲಿ ಇಪ್ಪತ್ತು ಗುಳಿ. ಲ್ಯಾಬಿನವರು ಅವನ್ನು ಮನೆ ಎನ್ನುತ್ತಿದ್ದರು. ಮೊದಲ ಮನೆ ಗೆರೆಗಳ ಎತ್ತರ ಹೋಲಿಸಿ ನೋಡುವ ಅಳತೆಪಟ್ಟಿಗೆ. ಕೊನೆಯದರಲ್ಲಿ ಬೂಷ್ಟೇ ಇರುವುದಿಲ್ಲ, ಉಳಿದದ್ದೆಲ್ಲ ಹಾಕಿ, ಎಲ್ಲ ಟ್ಯೂಬಿಗೂ ಬಳಸುವ ನೀರನ್ನಷ್ಟೇ ಬೆರೆಸಿದ್ದು. ಅದು ಖಾಲಿ ಮನೆ. "ಖಾಲಿ ಮನೇಲಿ ದೀಪ ಉರೀಬಾರ್ದು. ಉರಿದ್ರೆ ಕಳ್ಳ ಒಳಗಿದ್ದಾನೆ ಅಂತ," ಎಂದು ಹೊಸಬರಿಗೆಲ್ಲ ಮೊದಲ ದಿನವೇ ಹೇಳಿಕೊಡುತ್ತಿದ್ದರು.

ಆ ವರ್ಷ ಡಾಕ್ಟರೇಟಿಗೆ ಓದುತ್ತಿದ್ದ ಹುಡುಗಿಯೊಬ್ಬಳು ಹತ್ತೊಂಬತ್ತು ಹೊಲಗಳಿಂದ ಚುಕ್ಕೆರೋಗ ಹತ್ತಿದ ಟೊಮ್ಯಾಟೊ ಎಲೆ ತಂದಿದ್ದಳು. ಮೂರು ವರ್ಷದ ಕೆಲಸ. ಅನುಮಾನದಕ್ಕನೇ ಜೆಲ್ಲಿ ಓಡಿಸಿದರು. ನೋಡಿದರೆ ಹತ್ತೊಂಬತ್ತರಲ್ಲೂ ಒಂದೇ ಎತ್ತರಕ್ಕೆ ದಪ್ಪ ಗೆರೆ! ಸುತ್ತ ಒಂದಿಷ್ಟು ಮಸುಕು ಗೆರೆಗಳಿದ್ದವು. ಕೊಳೆ ಇರಬೇಕು ಎಂದುಕೊಂಡರು.

ಅಲ್ಲಿಗೆ ತಲೆಗೆ ಹುಳ ಹೊಕ್ಕಿತು. ಬೆಟ್ಟದ ಆಚೆಯ ಹೊಲಕ್ಕೂ ಹೊಳೆಯ ಈಚೆಯ ಹೊಲಕ್ಕೂ ಒಂದೇ ಬೂಷ್ಟೇ? ಎಲೆಯ ಲಕೋಟೆಗಳನ್ನು ತೆಗೆದು ನೋಡಿದರು: ಹತ್ತೊಂಬತ್ತಕ್ಕೂ ಒಂದೇ ಪೆನ್ನು, ಒಂದೇ ಅಕ್ಷರ. ಹೊಲ ಸುತ್ತಿದವಳ ಬೂಟು ಇಷ್ಟು ಬೆಳ್ಳಗಿರುತ್ತದೆಯೇ? ಊಟದ ಡಬ್ಬಿ ತೊಳೆಯುತ್ತಿದ್ದವಳನ್ನೇ ಹಿಡಿದು ಕೇಳಿದರು.

"ಎಲ್ಲಾ ಹೊಲಕ್ಕೂ ನೀನೇ ಹೋಗಿದ್ಯೇನಮ್ಮಾ?"

"ಹೌದಕ್ಕಾ. ಯಾಕೆ?"

"ಏನಿಲ್ಲ, ಸುಮ್ನೆ ಕೇಳ್ದೆ."

ಸುಮ್ಮನೆ ಅಲ್ಲವೇ ಅಲ್ಲ. ಅದೇ ಮಧ್ಯಾಹ್ನ ವಿಭಾಗದ ಮುಖ್ಯಸ್ಥರ ಕಿವಿ ಕಚ್ಚಿ ಬಂದರು: ಹುಡುಗಿ ಮನೆ ಹತ್ತಿರದ ಒಂದು ಗಿಡದ ಎಲೆ ಕಿತ್ತು ಹತ್ತೊಂಬತ್ತು ಮಾಡಿದ್ದಾಳೆ. ಸೋಮವಾರ ಹನ್ನೆರಡಕ್ಕೆ ವಿಚಾರಣೆ ಎಂದು ಚೀಟಿ ಬಂತು. ಸುಳ್ಳು ಎಂದಾದರೆ ಡಾಕ್ಟರೇಟಿನಿಂದ ಅವಳ ಹೆಸರು ತೆಗೆದುಹಾಕುತ್ತಾರೆ. ಹುಡುಗಿ ಆ ಚೀಟಿಯನ್ನು ನಾಲ್ಕು ಸಲ ಓದಿ, ಮಡಿಸಿ, ಕೋಟಿನ ಜೇಬಿಗೆ ಹಾಕಿಕೊಂಡಳು.

ಭಾನುವಾರ ಊಟಕ್ಕೆ ಕೂತಾಗ ಅನುಮಾನದಕ್ಕ ಗಂಡನಿಗೆ ಎಲ್ಲವನ್ನೂ ಹೇಳಿದರು, ಬಿಳಿ ಬೂಟಿನ ಸಮೇತ. ಇಪ್ಪತ್ತಾರು ವರ್ಷ ಲ್ಯಾಬಿನ ಪುರಾಣ ಕೇಳಿ ಅವರಿಗೂ ಅರ್ಧ ವಿದ್ಯೆ ಬಂದಿತ್ತು.

"ಖಾಲಿ ಮನೇಲಿ ಏನಿತ್ತು?"

"ಅದಕ್ಕೆ ಜಾಗ ಇರ್ಲಿಲ್ಲ. ಹತ್ತೊಂಬತ್ತು ಎಲೆ, ಒಂದು ಅಳತೆಪಟ್ಟಿ. ಇಪ್ಪತ್ತಾಯ್ತಲ್ಲ."

"ಹಾಗಾದ್ರೆ ನೀರು ಸರಿಯಿದೆ ಅಂತ ಹೇಗ್ಗೊತ್ತು?"

"ಆ ನೀರು ತುಂಬಿಸಿಟ್ಟಿದ್ದು ನಾನೇ ರೀ."

ಅವರು ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡರು. ಆಕೆ ತಟ್ಟೆ ಸರಿಸಿ ಎದ್ದರು. ಬೇರೆ ಯಾರಾದರೂ ಹಾಗೆಂದಿದ್ದರೆ ತಾವು ಬಿಡುತ್ತಿದ್ದರೇ?

ಸೋಮವಾರ ಏಳಕ್ಕೇ ಲ್ಯಾಬಿನ ಬೀಗ ತೆಗೆದರು. ಆರು ಟ್ಯೂಬು ಇಟ್ಟರು, ಆರರಲ್ಲೂ ಬೂಷ್ಟಿನ ಬದಲು ಬರೀ ತಮ್ಮ ಬಾಟಲಿಯ ನೀರು. ಯಂತ್ರ ಮುಗಿದು, ಜೆಲ್ಲಿ ಓಡಿ, ಬೆಳಕು ಹಾಕುವ ಹೊತ್ತಿಗೆ ಹನ್ನೊಂದೂವರೆ. ಆರು ಖಾಲಿ ಮನೆಯಲ್ಲೂ ದೀಪ ಉರಿಯುತ್ತಿತ್ತು, ಅದೇ ದಪ್ಪ ಗೆರೆ, ಅದೇ ಎತ್ತರಕ್ಕೆ. ಆಗ ನೆನಪಾಯಿತು: ಹಿಂದಿನ ವಾರ, ಪ್ರತಿ ಮಾಡಿ ಮುಗಿದ ಹಳೆಯ ಟ್ಯೂಬಿಗೆ ಅದ್ದಿದ ಪಿಪೆಟ್ಟಿನ ತುದಿಯನ್ನು ಬದಲಾಯಿಸದೆ ನೀರಿನ ಬಾಟಲಿಗೆ ಇಳಿಸಿದ್ದರು. ಯಾರೋ ಬಾಗಿಲಲ್ಲಿ ಕರೆದಿದ್ದರು, ಅಷ್ಟೇ. ಆ ಒಂದು ಹನಿಯ ಲಕ್ಷಗಟ್ಟಲೆ ಪ್ರತಿಗಳು ಹತ್ತೊಂಬತ್ತು ಹೊಲಗಳನ್ನೂ ನುಂಗಿ ಹಾಕಿದ್ದವು. ಕೊಳೆ ಎಂದುಕೊಂಡಿದ್ದ ಮಸುಕು ಗೆರೆಗಳೇ ಹುಡುಗಿಯ ನಿಜವಾದ ಬೂಷ್ಟುಗಳು.

ವಿಚಾರಣೆಯ ಕೋಣೆಗೆ ಫೋಟೊ ಹಿಡಿದೇ ಹೋದರು. ಹುಡುಗಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. "ಕಳ್ಳ ನನ್ನ ನೀರಲ್ಲಿದ್ದಾನೆ ಸರ್. ಅವಳದ್ದೇನೂ ತಪ್ಪಿಲ್ಲ," ಎಂದರು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಮುಖ್ಯಸ್ಥರು ಫೋಟೊ ನೋಡಿ, ಕನ್ನಡಕ ತೆಗೆದು, ಚೀಟಿ ಹಿಂದಕ್ಕೆ ಪಡೆದರು.

ಮರುದಿನ ಮತ್ತೆ ಜೆಲ್ಲಿ. ಈ ಸಲ ಹದಿನೆಂಟು ಎಲೆಯಷ್ಟೇ, ಕೊನೆಯದು ಖಾಲಿ ಮನೆ. ಅನುಮಾನದಕ್ಕ ಹೊಸ ನೀರಿನ ಬಾಟಲಿಗೆ ಕೈ ಚಾಚಿದರು. ಹುಡುಗಿ ಅದನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

"ನೀರು ನಾನೇ ಹಾಕ್ತೀನಿ ಅಕ್ಕಾ."

ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಸಂಜೆ ಗೆರೆಗಳು ಮೂಡಿದವು, ಹದಿನೆಂಟು ಹೊಲಕ್ಕೆ ಏಳು ಬೇರೆ ಕುಲ. ಖಾಲಿ ಮನೆ ಕಪ್ಪಗಿತ್ತು. ಅನುಮಾನದಕ್ಕ ಸಮಾಧಾನದಿಂದ ಉಸಿರು ಬಿಟ್ಟು ಬೆಳಕು ಆರಿಸಲು ಹೋದರು. ಹುಡುಗಿ ಆಕೆಯ ಕೈ ಹಿಡಿದು ನಿಲ್ಲಿಸಿ, ಬಗ್ಗಿ, ಆ ಕಪ್ಪು ಮನೆಯನ್ನು ಇನ್ನೊಮ್ಮೆ ನೋಡಿದಳು.