ರಸ್ತೆಗೆ ಕಿವಿ ಹಚ್ಚಿದ ಅಕ್ಕ

ಬೆಳಗಿನ ಜಾವ ನಾಲ್ಕೂವರೆ. ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಔಷಧಿ ಅಂಗಡಿಯ ಮುಂದೆ ಐವತ್ತೆರಡರ ಹೆಂಗಸೊಬ್ಬರು ಮಂಡಿಯೂರಿ, ಉದ್ದನೆಯ ಉಕ್ಕಿನ ಸರಳನ್ನು ನೀರಿನ ವಾಲ್ವಿಗೆ ಊರಿದ್ದಾರೆ. ಸರಳಿನ ಇನ್ನೊಂದು ತುದಿಯ ಬಟ್ಟಲಿಗೆ ಕಿವಿ ಹಚ್ಚಿ, ಉಸಿರು ಬಿಗಿಹಿಡಿದು ಆಲಿಸುತ್ತಾರೆ. ಎದ್ದು ನಾಲ್ಕು ಹೆಜ್ಜೆ ನಡೆಯುತ್ತಾರೆ, ಮತ್ತೆ ಕೂರುತ್ತಾರೆ. ಕೊನೆಗೆ ರಸ್ತೆಯ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತ ಬರೆದು ಧೂಳು ಕೊಡವಿಕೊಳ್ಳುತ್ತಾರೆ.

"ಇಲ್ಲೇ ಸೋರ್ತಾ ಇದೆ. ಎಣ್ಣೆ ಕಾದಾಗ ಸಣ್ಣಗೆ ಸದ್ದು ಬರತ್ತಲ್ಲ, ಹಾಗೆ. ವಾಹನ ಓಡಾಡೋಕೆ ಶುರುವಾದ್ರೆ ಏನೂ ಕೇಳಿಸಲ್ಲ."

ಬೀದಿಯವರಿಗೆ ಇವರು ಕಿವಿಯಕ್ಕ. ಹತ್ತೊಂಬತ್ತು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿದವರು. ನೆಲದೊಳಗಿನ ಸೋರಿಕೆ ಆಲಿಸುವುದನ್ನು ಹೇಳಿಕೊಟ್ಟದ್ದು ನೀರು ಮಂಡಳಿಯಲ್ಲಿ ಪೈಪು ಜೋಡಿಸುತ್ತಿದ್ದ ಹಳೆಯ ಫಿಟ್ಟರ್. ಮೀಟರುಗಳನ್ನು ಯಂತ್ರವೇ ಓದತೊಡಗಿದಾಗ ಕೆಲಸ ಹೋಯಿತು, ಕಿವಿ ಉಳಿಯಿತು. ಈಗ ಹತ್ತು ಗಂಟೆಗೆ ಲಾಂಡ್ರಿಯಲ್ಲಿ ಇಸ್ತ್ರಿ ಹಿಡಿಯುತ್ತಾರೆ. ಅದಕ್ಕೆ ಮುಂಚೆ ದಿನಕ್ಕೆ ಆರು ಬೀದಿ.

ಕೂತಲ್ಲಿ ಕೂರುವ ಜೀವವಲ್ಲ. ನೆಂಟರ ಮನೆಗೆ ಹೋದರೂ ಮಾತಿನ ನಡುವೆ ಎದ್ದುಹೋಗಿ ತೊಟ್ಟಿಕ್ಕುವ ನಲ್ಲಿ ಬಿಗಿ ಮಾಡಿ ಬರುತ್ತಾರೆ. "ಪೈಪಿನ ಪಿಸುಮಾತೆಲ್ಲ ಕೇಳಿಸತ್ತೆ ಇವಳಿಗೆ. ನಾನು ಮೂರು ಸಲ ಕೂಗಿದ್ರೂ ಕೇಳಿಸಲ್ಲ," ಎಂದು ಅತ್ತೆ ನಗುತ್ತಾರೆ.

ಈ ಚಡಪಡಿಕೆಗೆ ಎರಡು ವರ್ಷದ ಹಿಂದೆ ಇನ್ನೊಂದು ಕಾರಣ ಸೇರಿಕೊಂಡಿತು. ದೂರದ ನದಿಗೆ ಅಣೆಕಟ್ಟು ಕಟ್ಟಿ, ಬೆಟ್ಟ ಕೊರೆದು ಈ ಊರಿಗೆ ನೀರು ತರುವುದಾಗಿ ಕೇಂದ್ರ ಸರ್ಕಾರ ಹೇಳಿತು. ಹನ್ನೊಂದು ಹಳ್ಳಿ ಮುಳುಗುತ್ತವೆ. ಊರಿಗೆ ಬಿಡುವ ನೂರು ಕೊಡ ನೀರಿನಲ್ಲಿ ಮೂವತ್ತನಾಲ್ಕು ಮಣ್ಣುಪಾಲಾಗುತ್ತಿದೆ ಎಂದು ನೀರು ಮಂಡಳಿಯ ವರದಿಯೇ ಹೇಳಿತ್ತು. "ಆ ಹಳ್ಳಿ ನಾನು ನೋಡಿಲ್ಲ. ಆದ್ರೆ ನಮ್ಮ ತೂತು ಮುಚ್ಚಿಕೊಳ್ಳದೆ ಅವರ ಮನೆ ಮುಳುಗಿಸೋದು ಯಾವ ನ್ಯಾಯ?" ಎನ್ನುತ್ತಾರೆ ಅಕ್ಕ.

ಅಂದಿನಿಂದ ಪತ್ತೆ ಹಚ್ಚಿದ್ದು ಇನ್ನೂರ ಹದಿನಾಲ್ಕು ಸೋರಿಕೆ. ಅರ್ಜಿಯ ಮೇಲೆ ಅರ್ಜಿ ಕೊಟ್ಟು ನೂರ ಮೂವತ್ತೊಂದನ್ನು ಮುಚ್ಚಿಸಿದರು. ಒಮ್ಮೆ ಎಡವಿದ್ದೂ ಉಂಟು. ಶಾಲೆಯ ಬೀದಿಯನ್ನು ಆಳುದ್ದ ಅಗೆಸಿದಾಗ ಸಿಕ್ಕಿದ್ದು ಒಣ ಮಣ್ಣು. ಪಕ್ಕದ ಕಟ್ಟಡದ ಪಂಪಿನ ಸದ್ದು ಅವರನ್ನು ಯಾಮಾರಿಸಿತ್ತು. ವಾರಗಟ್ಟಲೆ ಜನ ಆಡಿಕೊಂಡರು.

ಯೋಜನೆಯ ಸಾರ್ವಜನಿಕ ವಿಚಾರಣೆಯಲ್ಲಿ ಮಾತಾಡಲು ಅವರಿಗೆ ಸಿಕ್ಕಿದ್ದು ಮೂರು ನಿಮಿಷ. ಪಟ್ಟಿ ಓದಿ ಮುಗಿಸುವ ಮೊದಲೇ ಯೋಜನೆಯ ಎಂಜಿನಿಯರ್ ಎದ್ದು ನಿಂತರು.

"ಶಾಲೆ ಬೀದಿ ಅಗೆಸಿದ್ದು ನೀವೇ ಅಲ್ವಾ? ನೀರು ಸಿಕ್ತಾ?"

ಸಭೆ ನಕ್ಕಿತು. ಅಕ್ಕ ಹಾಳೆಯಿಂದ ತಲೆಯೆತ್ತಿದರು.

"ಸಿಗ್ಲಿಲ್ಲ ಸಾರ್. ತಪ್ಪು ನಂದೇ. ಮಾರನೇ ದಿನ ನಾನೇ ನಿಂತು ಆ ಗುಂಡಿ ಮುಚ್ಚಿಸ್ದೆ. ನಿಮ್ಮ ಅಣೆಕಟ್ಟು ಕಟ್ಟಿದ್ಮೇಲೆ ತಪ್ಪು ಅಂತ ಗೊತ್ತಾದ್ರೆ, ಹನ್ನೊಂದು ಹಳ್ಳೀನ ಮೇಲೆತ್ತೋರು ಯಾರು?"

ನಗು ಅಡಗಿತು. ವಿಚಾರಣೆಯ ಅಧ್ಯಕ್ಷರು ಪಟ್ಟಿಯನ್ನು ಕೇಳಿ ಪಡೆದರು. ಉಳಿದ ಎಂಬತ್ಮೂರು ಸೋರಿಕೆಗಳನ್ನು ತೊಂಬತ್ತು ದಿನದೊಳಗೆ ಮುಚ್ಚಿ, ಎಷ್ಟು ನೀರು ಉಳಿಯಿತೆಂದು ಅಳೆಯಬೇಕು, ಅಲ್ಲಿಯವರೆಗೆ ಯೋಜನೆಗೆ ಒಪ್ಪಿಗೆಯಿಲ್ಲ ಎಂದು ಬರೆಸಿದರು.

ಈಗ ಉಳಿದಿರುವುದು ಮೂವತ್ತೆಂಟು ದಿನ, ಮೂವತ್ತೇಳು ಸೋರಿಕೆ. ಅಗೆಯುವ ತಂಡ ಒಂದೇ. ಎರಡು ದಿನದಿಂದ ಅದೂ ಬಂದಿಲ್ಲ. ಅಕ್ಕ ಮಂಡಳಿಗೆ ಫೋನ್ ಮಾಡುತ್ತಾರೆ, ಇಡುತ್ತಾರೆ, ಮತ್ತೆ ಮಾಡುತ್ತಾರೆ. ಇಸ್ತ್ರಿ ಮೇಜಿನ ಪಕ್ಕದ ಗೋಡೆಯಲ್ಲಿ ಬೀದಿಗಳ ನಕ್ಷೆ. ಅಷ್ಟರೊಳಗೆ ಮುಗಿಯುತ್ತದೆಯೇ ಎಂದರೆ ಇಸ್ತ್ರಿ ಹಿಡಿದೇ ನಕ್ಷೆಯಲ್ಲಿ ಉಳಿದ ಬೀದಿಗಳನ್ನು ಎಣಿಸುತ್ತಾರೆ.

ನಿಮಗೇನು ಬೇಕು ಎಂದು ಕೇಳಿದಾಗ ಮಾತ್ರ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಡುತ್ತಾರೆ.

"ಸೋರಿಕೆ ಆಲಿಸೋ ಈ ಕೆಲಸಕ್ಕೆ ಮಂಡಳಿಯವರು ನಾಲ್ಕು ಜನರನ್ನ ನೇಮಿಸ್ಕೊಳ್ಲಿ. ನನ್ನನ್ನ ತಗೊಳ್ದಿದ್ರೂ ಬೇಜಾರಿಲ್ಲ." ದನಿ ತಗ್ಗಿಸುತ್ತಾರೆ. "ಆದ್ರೆ ಅವರ ಕಿವಿ ಹೇಗಿದೆ ಅಂತ ಪರೀಕ್ಷೆ ಮಾಡೋದು ಮಾತ್ರ ನಾನೇ."