ಇಂಜಿನಿಯರ್‌ರು ತಂದ ಆದೇಶ

ಅವರ ಬಲಗೈ ನಡುಬೆರಳಿನ ಗಿಣ್ಣು ಸದಾ ತರಚಿಕೊಂಡಿರುತ್ತಿತ್ತು. ಎಲ್ಲಿ ಹೋದರೂ ಗೋಡೆ ಕುಟ್ಟಿ ನೋಡುವ ಚಟ. ಮದುವೆ ಊಟಕ್ಕೆ ಕೂರುವ ಮೊದಲು ಸಭಾಭವನದ ಕಂಬವನ್ನೂ ಬಿಡುತ್ತಿರಲಿಲ್ಲ. ಆ ಗಿಣ್ಣು ನನಗೆ ಚೆನ್ನಾಗಿ ನೆನಪಿದೆ. ಆದರೆ ಅಕ್ಕನ ಮನೆಯ ಅಂಗಳದಲ್ಲಿ ನಿಂತ ಆ ದಿನ ಅದೇ ಕೈಯಲ್ಲಿ ಆದೇಶದ ಕಾಗದ ಇತ್ತೋ ಇಲ್ಲವೋ, ಹೇಳಲಾರೆ. ಅಕ್ಕ, "ಇತ್ತು, ಸೀಲು ಸಹ ಕಂಡೆ" ಎನ್ನುತ್ತಾಳೆ. ನನ್ನ ಕಣ್ಣಿಗೆ ಬರುವುದು ಬರಿಗೈ. ನಾವು ಬಯಸಿದ್ದನ್ನು ನೆನಪು ಬಹಳ ಬೇಗ ಒಪ್ಪಿಕೊಳ್ಳುತ್ತದೆ ಎಂದು ವಿಶ್ವವಿದ್ಯಾಲಯದಲ್ಲಿ ಓದಿದವನು ನಾನು. ಅಕ್ಕನನ್ನು ಅನುಮಾನಿಸುವಷ್ಟೇ ನನ್ನನ್ನೂ ಅನುಮಾನಿಸಬೇಕು.

ಕುಮಟೆಯಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಕೆಲಸ ಹೊನ್ನಾವರದ ಕಡೆ, ಸರ್ಕಾರದ ಕಟ್ಟಡ ತಪಾಸಣೆ. ಅಡಿಪಾಯ ನೋಡುವುದು, ನಕ್ಷೆಯಂತೆ ಕಟ್ಟಿದ್ದಾರೋ ಎಂದು ಟೇಪು ಹಿಡಿಯುವುದು, ರಸ್ತೆಗೆ ಜಾಗ ಬಿಡದವರಿಂದ ಬೈಸಿಕೊಳ್ಳುವುದು. ಓದಿದ್ದು ಸಿವಿಲ್ ಡಿಪ್ಲೊಮಾ. ಊರಿಗೆಲ್ಲ ಅವರು ಇಂಜಿನಿಯರ್‌ರು. ಸಿಟ್ಟು ಬಂದವರಿಗೆ ಮಾತ್ರ ಡಿಪ್ಲೊಮಾದವರು. ಯಾರಾದರೂ ಶಿಫಾರಸು ಹಿಡಿದು ಬಂದರೆ ಒಂದೇ ಮಾತು: "ಬರ್ದು ಕೊಡಿ ಮಾರಾಯ್ರೆ, ಬಾಯಲ್ಲಿ ಹೇಳಿದ್ದು ನಂಗೆ ಕೇಳ್ಸೂದಿಲ್ಲ."

ಭಾವ ಹೊನ್ನಾವರದ ದಾರಿಯಲ್ಲಿ, ಹೆದ್ದಾರಿಯ ಹತ್ತಿರ ಗುಡ್ಡದ ಬುಡ ಕಡಿಸಿ ಮನೆ ಕಟ್ಟಿಸಿದ್ದರು. ಪಕ್ಕದಲ್ಲೇ ಒಬ್ಬ ಮೀನು ಲಾರಿ ಚಾಲಕ, ತಾಯಿಯೊಂದಿಗೆ ಇದ್ದ. ಇಂಜಿನಿಯರ್‌ರು ಕಡಿದ ಗುಡ್ಡವನ್ನು ಕುಟ್ಟಿ ನೋಡಿ ತಲೆಯಾಡಿಸಿದರು.

"ಮೇಲೆ ಚಿರೇಕಲ್ಲು ಕಂಡು ಗಟ್ಟಿ ಅಂದ್ಕಂಡ್ರಿ. ಅಡಿಗೆ ಇಪ್ಪುದು ಶೇಡಿ ಮಣ್ಣು. ನೀರು ಕುಡಿದ್ರೆ ಬೆಣ್ಣೆ."

ಭಾವ ನಕ್ಕರು. "ಡಿಪ್ಲೊಮಾದವ್ರು ಗುಡ್ಡಕ್ಕೆ ಪಾಠ ಹೇಳೂಕೆ ಬಂದ್ರು."

"ನಂದು ಡಿಪ್ಲೊಮಾ, ಹೌದು. ಗುಡ್ಡ ಅದೂ ಓದ್ಲಿಲ್ಲ. ಅದ್ಕೇ ಹೆದ್ರಿಕೆ."

ಆ ಮಳೆಗಾಲ ಗುಡ್ಡದ ನೆತ್ತಿಯಲ್ಲಿ ಬಿರುಕು ಕಾಣಿಸಿತು. ಮನೆ ಖಾಲಿ ಮಾಡಿಸುವ ಅಧಿಕಾರ ಅವರಿಗಿರಲಿಲ್ಲ. ಆದೇಶ ಕೊಡಿ ಎಂದು ಮೇಲಿನವರಿಗೆ ಬರೆದರು, ಮತ್ತೆ ಬರೆದರು. ಸಂಜೆ ಬಸ್ಸಿನಿಂದ ನಡುದಾರಿಯಲ್ಲೇ ಇಳಿದು, ಮಳೆಯಲ್ಲಿ ಗುಡ್ಡ ಹತ್ತಿ, ಕೆಸರಾಗಿ ಇಳಿದು ಬಂದು ಎರಡೂ ಮನೆಯವರನ್ನು ಬೇಡಿಕೊಳ್ಳುತ್ತಿದ್ದರು. ಬಿರುಕು ದಿನದಿನಕ್ಕೆ ಅಗಲವಾಗುತ್ತಿತ್ತು.

"ಈ ಮಳೆಲಿ ಮಕ್ಕಳನ್ನ ಕಟ್ಕಂಡು ಎಲ್ಲಿಗೆ ಹೋಗುದು ಇಂಜಿನಿಯರಣ್ಣ?" ಎಂದು ಅಕ್ಕ ಕೇಳಿದರೆ, "ಎಂತ ಮಾಡ್ಲಿ ತಂಗಿ, ಕಾಲಿಗೆ ಬೀಳ್ಲಾ?" ಎಂದರಂತೆ. ತಮಾಷೆಗೆ ಅಂದದ್ದಲ್ಲ ಎಂದಳು ಅಕ್ಕ.

ನಾನು ಧಾರವಾಡದಿಂದ ರಜೆಗೆಂದು ಅಕ್ಕನ ಮನೆಗೆ ಬಂದಿದ್ದೆ. ಒಂದು ಬೆಳಿಗ್ಗೆ ಇಂಜಿನಿಯರ್‌ರು ಅಂಗಳದಲ್ಲಿ ನಿಂತು ಕೂಗಿದರು. "ಆದೇಶ ಬಂತು! ಇವತ್ತೇ ಖಾಲಿ ಮಾಡ್ಬೇಕು. ಇಲ್ದಿದ್ರೆ ಪೊಲೀಸ್ರು ಬಂದು ಎತ್ತಿ ಹೊರಗೆ ಹಾಕ್ತ್ರು!"

ಆ ಮನುಷ್ಯ ಕೂಗಿದ್ದನ್ನು ಅದುವರೆಗೆ ನಾವು ಯಾರೂ ಕೇಳಿರಲಿಲ್ಲ. ಭಾವ ಬೈಯುತ್ತಲೇ ಟೆಂಪೋ ಕರೆಸಿದರು. ಪಾತ್ರೆ, ಹಾಸಿಗೆ, ಮಕ್ಕಳು ಎಲ್ಲ ಹತ್ತಿದವು. ಇಂಜಿನಿಯರ್‌ರು ಪಕ್ಕದ ಮನೆಗೆ ನಡೆದರು. ಚಾಲಕನ ದನಿ ನಮಗೆ ಕೇಳಿಸಿತು: "ಎಲ್ಲಿ ಆದೇಶ? ತೋರ್ಸಿ. ಬಾಯಲ್ಲಿ ಹೇಳಿದ್ದು ನಿಮ್ಗೇ ಕೇಳ್ಸೂದಿಲ್ಲ ಅಲ್ದಾ?"

ಅವರು ಏನೆಂದರೋ ಟೆಂಪೋದ ಸದ್ದಿನಲ್ಲಿ ತಿಳಿಯಲಿಲ್ಲ.

ಮರುದಿನ ಗುಡ್ಡ ಕುಸಿಯಿತು. ಅಕ್ಕನ ಮನೆಯ ಹಿಂಭಾಗ ಮಣ್ಣಿನಡಿ ಹೋಯಿತು. ಮಕ್ಕಳು ಮಲಗುತ್ತಿದ್ದದ್ದು ಅಲ್ಲೇ. ಪಕ್ಕದ ಮನೆ ಪೂರ್ತಿ ಹೋಯಿತು. ಚಾಲಕ ಲಾರಿ ತೆಗೆದುಕೊಂಡು ಭಟ್ಕಳಕ್ಕೆ ಹೋಗಿದ್ದ. ತಾಯಿ ಒಳಗಿದ್ದಳು. ಯಂತ್ರ ಬರುವವರೆಗೂ ಇಂಜಿನಿಯರ್‌ರು ಕೈಯಲ್ಲೇ ಮಣ್ಣು ಕೆದರುತ್ತಿದ್ದರು. ಎಳೆದು ಕೂರಿಸಿದರೆ ಮತ್ತೆ ಎದ್ದು ಹೋಗುತ್ತಿದ್ದರು.

ಆಮೇಲೆ ಊರು ತನ್ನ ತೀರ್ಪು ಕೊಟ್ಟಿತು: ಆದೇಶ ಬಂದಿತ್ತು, ಕುಮಟೆಯ ಪರಿಚಯವೆಂದು ಅಕ್ಕನ ಮನೆಯವರಿಗೆ ತೋರಿಸಿದರು, ಪಕ್ಕದವರಿಗೆ ಮುಚ್ಚಿಟ್ಟರು. ಅಕ್ಕ ಇಂಜಿನಿಯರ್‌ರ ಪರ ನಿಲ್ಲಲೆಂದೇ "ಕಾಗದ ಇತ್ತು" ಎಂದು ಎಲ್ಲರಿಗೂ ಹೇಳಿದಳು. ಅದೇ ಅವರಿಗೆ ಮುಳುವಾಯಿತು. ಚಾಲಕ ಕುಮಟೆಗೇ ಬಂದು ಅವರ ಗೇಟು ಹಿಡಿದು ಅತ್ತ: "ನಮ್ಮಮ್ಮಂಗೆ ಯಾಕೆ ತೋರ್ಸ್ಲಿಲ್ಲ? ಹೇಳಿ!" ಅವರು ಕೈಮುಗಿದು ನಿಂತರು.

ಅವನು ಹೋದ ಮೇಲೆ ನಾನೇ ಕೇಳಿದೆ. "ಕಾಗದ ಇರ್ಲಿಲ್ಲ ಅಂತ ಹೇಳ್ಬಹುದಿತ್ತಲ್ಲ?"

"ಹಂಗೆ ಹೇಳಿದ್ರೆ," ಎಂದರು, "ಮುಂದಿನ ಮಳೆಲಿ ನನ್ನ ಮಾತಿಗೆ ಯಾರು ಮನೆ ಬಿಟ್ಟು ಏಳ್ತ್ರು?"

ಇದು ಒಪ್ಪಿಗೆಯೋ ಬರೀ ಪ್ರಶ್ನೆಯೋ ನನಗೆ ಅರ್ಥವಾಗಲಿಲ್ಲ. ಅವರು ಹೀಗೇ ಅಂದರು ಎಂದು ಆಣೆ ಮಾಡುವ ಧೈರ್ಯವೂ ಇಲ್ಲ. ಮುಂದಿನ ಮಳೆಗೆ ಮೊದಲೇ, ಕೆಲಸದಿಂದ ಬರುವಾಗ ಬಸ್ಸಿನಲ್ಲೇ ಎದೆನೋವು ಬಂದು ತೀರಿಕೊಂಡರು. ಭಾವ ಹೆಗಲು ಕೊಟ್ಟರು. ಚಾಲಕ ಬರಲಿಲ್ಲ.

ಅಕ್ಕನ ಮಕ್ಕಳನ್ನು ನೋಡುವಾಗಲೆಲ್ಲ ಇದು ನನ್ನನ್ನು ಕೂರಗೊಡುತ್ತಿರಲಿಲ್ಲ. ಕೊನೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಬಂದ ಉತ್ತರವನ್ನು ಒಯ್ದು ಚಾಲಕನ ಕೈಗೆ ಕೊಟ್ಟೆ. ಅದರಲ್ಲಿದ್ದದ್ದು ಇಷ್ಟೇ: ಎರಡೂ ಮನೆಗಳನ್ನು ಖಾಲಿ ಮಾಡಿಸಬೇಕೆಂಬ ಅವರ ಪತ್ರಗಳು ತಲುಪಿವೆ, ಆದೇಶ ಯಾವುದನ್ನೂ ಹೊರಡಿಸಿಲ್ಲ.