ಹುಣಸೆಹಣ್ಣಿನಲ್ಲಿ ಉಜ್ಜಿದ ಇಪ್ಪತ್ತೆರಡು ರೂಪಾಯಿ

ಬೆಳ್ಳಿ ರೂಪಾಯಿಯನ್ನು ತೊಳೆಯಬಾರದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸುತ್ತಿನ ಎಷ್ಟು ಜಗಲಿಗಳ ಮೇಲೆ ಕೂತು ಈ ಮಾತು ಹೇಳಿದ್ದೇನೋ ನನಗೇ ಗೊತ್ತಿಲ್ಲ. ಹೇಳುವಾಗ ಎಲ್ಲರೂ ತಲೆಯಾಡಿಸುತ್ತಾರೆ. ಮತ್ತೆ ಹೋಗುವಷ್ಟರಲ್ಲಿ ತೊಳೆದಿರುತ್ತಾರೆ. ಮಾಗಡಿಯ ಒಂದು ಮನೆಯಲ್ಲಿ ಒಲೆಯ ಬೂದಿ ಹಾಕಿ ತಿಕ್ಕಿದ್ದರು. ಚನ್ನಪಟ್ಟಣದ ನಿವೃತ್ತ ಮೇಷ್ಟ್ರೊಬ್ಬರು ಟೂತ್‌ಪೇಸ್ಟ್ ಹಚ್ಚಿ, ನಾಣ್ಯದ ಮೇಲಿನ ಬ್ರಿಟಿಷ್ ರಾಣಿಯ ಮೂಗು ಸವೆಯುವವರೆಗೆ ಬ್ರಷ್ಷಿನಲ್ಲಿ ಉಜ್ಜಿ, "ನೋಡಿ ಸಾ, ಈಗ ಹೆಂಗೆ ಫಳಫಳ ಅಂತೈತೆ" ಎಂದು ನನ್ನ ಮುಖಕ್ಕೇ ಹಿಡಿದಿದ್ದರು. ಕನಕಪುರದಲ್ಲಿ ಒಬ್ಬರು ಅಕ್ಕಸಾಲಿಗರಿಗೆ ಕೊಟ್ಟು ಪಾಲಿಶ್ ಮಾಡಿಸಿದ್ದಲ್ಲದೆ, ಆ ಖರ್ಚನ್ನೂ ನನ್ನಿಂದಲೇ ಕೇಳಿದರು.

ಹಳೆಯ ಬೆಳ್ಳಿ ನಾಣ್ಯ ಕೊಂಡು ಸಂಗ್ರಹಕಾರರಿಗೆ ಮಾರುವುದು ನನ್ನ ಕೆಲಸ. ಅವರಿಗೆ ಬೇಕಾದದ್ದು ಹೊಳಪಲ್ಲ. ಪೆಟ್ಟಿಗೆಯಲ್ಲೋ ಚೆಂಬಿನಲ್ಲೋ ವರ್ಷಗಟ್ಟಲೆ ಕೂತು ಬೆಳ್ಳಿಗೆ ತಾನಾಗಿ ಕಟ್ಟಿದ ಕಪ್ಪು. ಉಜ್ಜಿದರೆ ಆ ಕಪ್ಪು ಹೋಗಿ ಮೈಮೇಲೆ ಕೂದಲೆಳೆಯಂಥ ಗೀರುಗಳು ಉಳಿಯುತ್ತವೆ. ಆಮೇಲೆ ಅದು ನಾಣ್ಯವಲ್ಲ, ತೂಕದ ಬೆಳ್ಳಿ.

ನಾನು ಹೆಚ್ಚಾಗಿ ಕೊಳ್ಳುವುದು ಭಾಗದ ಹರಾಜಿನಲ್ಲಿ. ಅಣ್ಣತಮ್ಮಂದಿರು ಪಾಲಾಗುವಾಗ ಸಮನಾಗಿ ಹಂಚಲು ಬಾರದ ಹಂಡೆ, ಮರದ ಪೆಟ್ಟಿಗೆ, ಬೆಳ್ಳಿ ಸಾಮಾನುಗಳನ್ನು ನಡುಮನೆಯಲ್ಲಿಟ್ಟು ತಮ್ಮೊಳಗೇ ಬೆಲೆ ಕೂಗುತ್ತಾರೆ. ಹೆಚ್ಚು ಕೂಗಿದವರಿಗೆ ಸಾಮಾನು, ದುಡ್ಡು ಎಲ್ಲರ ಪಾಲಿಗೆ. ಹೊರಗಿನವನೊಬ್ಬನನ್ನು ಕೂರಿಸಿಕೊಂಡರೆ ಬೆಲೆ ಏರುತ್ತದೆ. ಆ ಹೊರಗಿನವನು ನಾನು.

ರಾಮನಗರದ ಹತ್ತಿರ ಕೈಲಾಂಚ ಕಡೆಯ ಒಂದು ಮನೆಗೆ ನನ್ನನ್ನು ಕರೆಸಿದ್ದು ಹಿರಿಯ ಮಗ. ಮೂವರು ಅಣ್ಣತಮ್ಮಂದಿರು, ಮಾಗಡಿ ಕಡೆಗೆ ಕೊಟ್ಟ ಒಬ್ಬಳು ತಂಗಿ. ತಾಯಿ ತೀರಿಕೊಂಡು ಕೆಲವು ತಿಂಗಳಾಗಿತ್ತು. ಆಕೆ ದೇವರ ಕೋಣೆಯಲ್ಲಿ ಒಂದು ಹಿತ್ತಾಳೆ ಚೆಂಬು ಇಟ್ಟುಕೊಂಡಿದ್ದರು, ಅದರೊಳಗೆ ಇಪ್ಪತ್ತೆರಡು ಬೆಳ್ಳಿ ರೂಪಾಯಿ. ವರ್ಷಕ್ಕೊಮ್ಮೆ ಲಕ್ಷ್ಮಿ ಕೂರಿಸಿದಾಗ ಹೊರಗೆ ತೆಗೆದು, ಹೂವಿಟ್ಟು, ಮತ್ತೆ ಒಳಗೆ ಹಾಕುತ್ತಿದ್ದರಂತೆ.

ನಾನು ಹೋದಾಗ ತಂಗಿ ಅದನ್ನೇ ಕೇಳುತ್ತಿದ್ದಳು.

"ಜಮೀನಿಗೆ ಸೈನ್ ಹಾಕ್ಕೊಟ್ಟೆ. ಒಂದ್ ರೂಪಾಯಿ ಕೇಳ್ನಿಲ್ಲ. ಅವ್ವನ ಚೆಂಬೊಂದು ನಂಗೆ ಬುಟ್ಬುಡಿ ಕಣಣ್ಣ."

"ತಕೊಂಡೋಗವ್ವ, ಬ್ಯಾಡ ಅಂದೋರ್ಯಾರು," ಎಂದ ಹಿರಿಯಣ್ಣ. "ಇವ್ರು ಬಂದವ್ರಲ್ಲ, ಒಸಿ ನೋಡ್ಲಿ."

ನೋಡಿದೆ. ತಟ್ಟೆಗೆ ಸುರಿದು ಒಂದೊಂದನ್ನೇ ಭೂತಗನ್ನಡಿಯಲ್ಲಿ ಹಿಡಿದೆ. ಇಪ್ಪತ್ತೊಂದು ಎಲ್ಲೆಡೆ ಸಿಗುವಂಥವು. ಒಂದು ಮಾತ್ರ ಬೇರೆ. ರಾಣಿಯ ತಲೆ, ಸವೆಯದ ಅಂಚು, ಅಪರೂಪದ ವರ್ಷ, ಟಂಕಸಾಲೆಯ ಗುರುತು ಸ್ಪಷ್ಟ, ಮೈತುಂಬ ನೀಲಿಗಪ್ಪು. ಅಂಥದ್ದು ಕೈಗೆ ಸಿಕ್ಕಿದ್ದು ನನಗೆ ಅದೇ ಮೊದಲು. ಸುಮ್ಮನಿರಬಹುದಿತ್ತು. ಇರಲಿಲ್ಲ. "ಇದೊಂದು ಉಳಿದ ಇಪ್ಪತ್ತೊಂದಕ್ಕಿಂತ ಹೆಚ್ಚು ಬಾಳುತ್ತದೆ" ಎಂದುಬಿಟ್ಟೆ.

ಎರಡನೆಯವನು ಪಂಚೆ ಸರಿಮಾಡಿಕೊಂಡು ಎದ್ದ. "ಹಂಗಾದ್ರೆ ಇದನ್ನೂ ಕೂಗೋದೇ ಸರಿ. ನೀನೂ ಕೂಗು ಕಣಮ್ಮಿ, ಏನೀಗ?"

ತಂಗಿಯ ಮನೆಯಲ್ಲಿದ್ದದ್ದು ಸ್ವಲ್ಪ ಹಿಪ್ಪುನೇರಳೆ, ವರ್ಷಕ್ಕೆ ಕೆಲವು ಬೆಳೆ ರೇಷ್ಮೆಗೂಡು. ಅವಳು ಎಷ್ಟು ಕೂಗಬಲ್ಲಳು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹರಾಜು ಭಾನುವಾರ ಎಂದಾಯಿತು. ಹೊರಡುವ ಮುಂಚೆ ನನ್ನ ಪಾಠ ಒಪ್ಪಿಸಿದೆ: ಮುಟ್ಟಬೇಡಿ, ತೊಳೆಯಬೇಡಿ, ತೊಳೆದರೆ ಬರೀ ತೂಕದ ಬೆಲೆ. ಎರಡು ಸಲ ಹೇಳಿದೆ. ಮಜ್ಜಿಗೆ ಲೋಟ ಹಿಡಿದು ನಿಂತಿದ್ದ ತಂಗಿ ಕೇಳಿದಳು, "ಒಂದ್ ಸಲ ಉಜ್ಜುದ್ರೂ ಹೋಯ್ತದಾ?"

"ಒಂದೇ ಸಲ ಸಾಕಮ್ಮ."

ಕೊನೆಗೂ ಒಬ್ಬರಿಗೆ ಅರ್ಥವಾಯಿತಲ್ಲ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಹೋದರೆ ತಟ್ಟೆಯಲ್ಲಿ ಇಪ್ಪತ್ತೆರಡು ರೂಪಾಯಿ ಬೆಳ್ಳಗೆ, ಅಲ್ಯೂಮಿನಿಯಂ ಬಿಲ್ಲೆಗಳ ಹಾಗೆ ಕೂತಿದ್ದವು. ಹತ್ತಿರ ಹೋದಾಗ ಹುಣಸೆಹಣ್ಣಿನ ವಾಸನೆ ಇನ್ನೂ ಬರುತ್ತಿತ್ತು. ನಾನು ಬೇರೆಯವರ ಮನೆಯಲ್ಲಿ ದನಿ ಏರಿಸುವವನಲ್ಲ. ಅವತ್ತು ಏರಿಸಿದೆ. "ಯಾರ್ರೀ ಇದನ್ನು ತೊಳೆದದ್ದು?"

"ನಾನೇ," ಎಂದಳು ತಂಗಿ. ಗುರುವಾರವೇ ಮತ್ತೆ ತವರಿಗೆ ಬಂದಿದ್ದಳಂತೆ. "ಸುಕ್ರವಾರ ಅಲ್ವಾ, ದೇವ್ರ ಸಾಮಾನು ಉಜ್ಜುದ್ನಲ್ಲ, ಅದ್ರ ಜೊತೇಲೇ ಉಜ್ಬುಟ್ಟೆ."

"ಎರಡೆರಡ್ ಸಲ ಹೇಳುದ್ರಲ್ಲಮ್ಮಿ ಅವ್ರು!" ಎರಡನೆಯವನು ಹಣೆ ಬಡಿದುಕೊಂಡ. "ಕಿವಿಗೇನು ಹತ್ತಿ ಇಟ್ಕಂಡಿದ್ದಾ?"

"ಬಯ್ಬ್ಯಾಡ ಸುಮ್ಕಿರಪ್ಪ," ಎಂದಳು ಹಿರಿಯಣ್ಣನ ಹೆಂಡತಿ. "ಅತ್ತೇನೂ ಸುಕ್ರವಾರ ಸುಕ್ರವಾರ ಆ ಚೆಂಬು ಉಜ್ಜೋರು. ಅದೇ ಅಭ್ಯಾಸ ಇವ್ಳಿಗೂ."

ಕಿರಿಯವನು ಗೋಡೆಗೊರಗಿಕೊಂಡೇ ನಕ್ಕ. "ಹೋಗ್ಲಿ ಬುಡಣ್ಣ, ರಾಣಿಗೂ ಒಂದು ಸ್ನಾನ ಆಯ್ತು."

ಆ ಒಂದು ರೂಪಾಯಿಯನ್ನು ಭೂತಗನ್ನಡಿಯಲ್ಲಿ ಹಿಡಿದೆ. ಕೆನ್ನೆಯ ಮೇಲೆ, ಜಡೆಯ ಮೇಲೆ, ಖಾಲಿ ಜಾಗದ ಮೇಲೆ ಸಣ್ಣ ಗೀರುಗಳು, ಸುತ್ತಿಸುತ್ತಿ. ಏನೂ ಉಳಿದಿರಲಿಲ್ಲ. ಕೂಗಲು ಹೇಳಿದರು. ಬೆಳ್ಳಿಯ ತೂಕದ ಬೆಲೆ ಕೂಗಿದೆ. ಎರಡನೆಯವನು ನನ್ನ ಮುಖ ನೋಡಿದ, ಇನ್ನೇನೂ ಬಾರದು ಎಂದು ನಾನು ತಲೆಯಲ್ಲಾಡಿಸಿದೆ. ಅಣ್ಣತಮ್ಮಂದಿರು ಯಾರೂ ಅದರ ಮೇಲೆ ಕೂಗಲಿಲ್ಲ.

"ಅದ್ರ ಮ್ಯಾಲೆ ನೂರು," ಎಂದಳು ತಂಗಿ.

ಹಿರಿಯಣ್ಣ ಮೂರು ಸಲ ಕೇಳಿದ, ಮುಗಿಯಿತು. ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟಳು. ಗೂಡು ಮಾರಿದ ದುಡ್ಡು ಎಂದು ಅತ್ತಿಗೆ ಪಿಸುಗುಟ್ಟಿದಳು.

ಸ್ಕೂಟರ್ ಓಡಿಸಿಕೊಂಡು ಬರುವಾಗಲೂ ಸಿಟ್ಟು ಇಳಿದಿರಲಿಲ್ಲ. ಊರ ಮುಂದಿನ ಬಸ್‌ಸ್ಟಾಪಿನಲ್ಲಿ ಅವಳು ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳನ್ನು ನೋಡಿದ ಮೇಲೆಯೇ ಒಂದು ವಿಷಯ ಹೊಳೆಯಿತು. ತಾಯಿ ಪ್ರತಿ ಶುಕ್ರವಾರ ಉಜ್ಜುತ್ತಿದ್ದದ್ದು ನಿಜವಾದರೆ, ಆ ರೂಪಾಯಿಗಳಿಗೆ ಕಪ್ಪು ಕಟ್ಟಿದ್ದು ಹೇಗೆ? ಗಾಡಿ ನಿಲ್ಲಿಸಿದೆ.

"ನಿಮ್ಮ ಅವ್ವ ಒಳಗಿನ ರೂಪಾಯಿಯನ್ನೂ ಉಜ್ಜುತ್ತಿದ್ದರಾ?"

"ಇಲ್ಲ. ಚೆಂಬು ಮಾತ್ರ. ರೂಪಾಯಿ ಮುಟ್ಟುದ್ರೆ ನಮ್ ಕೈಗೆ ಹೊಡೆಯೋಳು."

"ಮತ್ತೆ?"

"ಒಂದೇ ಸಲ ಸಾಕು ಅಂದ್ರಲ್ಲಣ್ಣ ನೀವು. ನಂಗೆ ನಂಬ್ಕೆ ಬರ್ನಿಲ್ಲ. ಮೂರು ಸಲ ಉಜ್ಜುದೆ. ಉಜ್ತಾ ಇದ್ರೆ ಅವ್ವನ ಮುಖಾನೇ ಉಜ್ದಂಗಾಯ್ತಿತ್ತು, ಆದ್ರೂ ಬುಡ್ನಿಲ್ಲ."

ಅವಳು ಚೀಲದಿಂದ ಚೆಂಬು ತೆಗೆದು, ರೂಪಾಯಿಗಳನ್ನು ಸೆರಗಿನ ಮೇಲೆ ಹರಡಿದಳು.

"ಆ ಬೆಲೆಬಾಳೋದು ಯಾವ್ದು? ಒಸಿ ತೋರ್ಸಿ."

ಬರಿಗಣ್ಣಿಗೆ ನನಗೂ ತಿಳಿಯಲಿಲ್ಲ. ಭೂತಗನ್ನಡಿ ತೆಗೆದು, ಟಂಕಸಾಲೆಯ ಗುರುತು ಹುಡುಕಿ, ಹನ್ನೊಂದನೆಯದೋ ಹನ್ನೆರಡನೆಯದೋ ಆಗಿದ್ದ ಅದನ್ನು ಅವಳ ಅಂಗೈಗೆ ಹಾಕಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಉಳಿದವುಗಳ ಜೊತೆ ಚೆಂಬಿಗೆ ಹಾಕಿ, ಅದರ ಬಾಯಿಗೆ ಬಟ್ಟೆ ಕಟ್ಟಿದಳು. ರಾಮನಗರದ ಬಸ್ಸು ಬಂತು.

ಆ ರೂಪಾಯಿ ಹಾಳಾಯಿತೆಂಬ ಸಂಕಟ ನನಗೆ ಹೋಗಿಲ್ಲ. ಅಂಥ ಇನ್ನೊಂದು ನನಗೆ ಮತ್ತೆ ಕಂಡಿಲ್ಲ. ಮೊನ್ನೆ ಚನ್ನಪಟ್ಟಣದ ಹತ್ತಿರ ಒಂದು ಮನೆಗೆ ಕರೆದರು. ಪೆಟ್ಟಿಗೆ ತೆರೆಯುವ ಮೊದಲು, ಇದನ್ನು ಮನೆಯವರು ಯಾರಾದರೂ ತಮಗೆ ಬೇಕೆಂದು ಕೇಳಿದ್ದಾರಾ ಎಂದು ವಿಚಾರಿಸಿದೆ.

"ಅದ್ಯಾಕ್ ಸಾ ನಿಮ್ಗೆ? ರೇಟ್ ಹೇಳಿ" ಎಂದರು.

ಅವರು ಹೇಳಿದ್ದು ಸರಿಯೇ. ಆದರೂ ಒಳಬಾಗಿಲಲ್ಲಿ ಯಾರಾದರೂ ನಿಂತಿದ್ದಾರಾ ಎಂದು ಒಮ್ಮೆ ನೋಡಿ, ಆಮೇಲೆ ಭೂತಗನ್ನಡಿ ತೆಗೆದೆ.